ಮಲ್ಪೆ ಬೋಟಿನ ಡಿಸ್‌ಪ್ಲೇ, ವಯರ್‌ಲೆಸ್‌ನ ಗುಂಯ್ ಸದ್ದು: ಎಲ್‌ಇಡಿ ಬ್ಯಾಕ್‌ಲೈಟ್‌ಗೆ ಡಿಮ್ಮಿಂಗ್ ಫ್ರೀಕ್ವೆನ್ಸಿ ಆರಿಸಿದ ಒಂದು ಪ್ರಕರಣ

ಮಲ್ಪೆ ಬಂದರಿನ ಆಳಸಮುದ್ರ ಟ್ರಾಲ್ ಬೋಟ್‌ಗಳಿಗೆಂದು ಮಣಿಪಾಲದ ಒಂದು ಸಣ್ಣ ಘಟಕ 10.4 ಇಂಚಿನ ಡಿಸ್‌ಪ್ಲೇ ಪೆಟ್ಟಿಗೆ ತಯಾರಿಸಿತ್ತು. ಜಿಪಿಎಸ್ ಪ್ಲಾಟರ್‌ನ ನಕ್ಷೆ, ಫಿಶ್ ಫೈಂಡರ್‌ನ ಚಿತ್ರ ಎರಡನ್ನೂ ಅದರಲ್ಲೇ ನೋಡಬಹುದು. ನಡುಹಗಲ ಬಿಸಿಲಿನಲ್ಲೂ ಕಾಣಲೆಂದು 1000 ನಿಟ್ ಹೊಳಪಿನ ಪ್ಯಾನೆಲ್ ಹಾಕಿದ್ದರು. ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧದ ಸಮಯದಲ್ಲಿ, ಬೋಟ್‌ಗಳು ಬಂದರಿನ ಧಕ್ಕೆಯಲ್ಲಿ ಕಟ್ಟಿಕೊಂಡಿದ್ದಾಗ, ಜೋಡಣೆ ಮುಗಿಯಿತು. ಆಗಸ್ಟ್‌ನಲ್ಲಿ ಬೋಟ್‌ಗಳು ಕಡಲಿಗೆ ಹೋಗಿ ಬಂದ ಕೂಡಲೇ ದೂರು ಶುರುವಾಯಿತು. ಒಬ್ಬ ತಾಂಡೇಲರು (ಬೋಟ್ ನಡೆಸುವವರು) ಹೇಳಿದ್ದು ಹೀಗೆ: "ಲೈಟ್ ಫುಲ್ ಇಟ್ರೆ ಏನೂ ಇಲ್ಲ. ರಾತ್ರಿ ಕಡಿಮೆ ಮಾಡಿದ್ರೆ ವಯರ್‌ಲೆಸ್‌ನಲ್ಲಿ ಗುಂಯ್ ಅಂತ ಶಬ್ದ ಬರ್ತದೆ ಮಾರಾಯ್ರೆ, ಆಚೆ ಬೋಟಿನವರು ಹೇಳಿದ್ದು ಕೇಳೂದೇ ಇಲ್ಲ."

ಅರ್ಧ ರೋಗನಿದಾನ ಈ ಮಾತಿನಲ್ಲೇ ಇದೆ. ಇಲ್ಲಿ ಹೊಳಪು ಇಳಿಸುವುದು, ಅಂದರೆ ಡಿಮ್ಮಿಂಗ್, ಪಿಡಬ್ಲ್ಯುಎಂನಿಂದ: ಎಲ್‌ಇಡಿಗಳನ್ನು ಬೇಗ ಬೇಗ ಹೊತ್ತಿಸಿ ಆರಿಸುವುದು. ಪ್ರತಿ ಅವಧಿಯಲ್ಲಿ ಅವು ಹೊತ್ತಿರುವ ಪಾಲೇ ಡ್ಯೂಟಿ. ಫುಲ್ ಹೊಳಪು ಎಂದರೆ ಡ್ಯೂಟಿ ಶೇ 100. ಎಲ್‌ಇಡಿ ಆರುವುದೇ ಇಲ್ಲ, ಬ್ಯಾಟರಿಯಿಂದ ಎಳೆಯುವ ಕರೆಂಟ್ ಸಮನಾಗಿರುತ್ತದೆ. ಹೊಳಪು ಇಳಿಸಿದಾಗ ಮಾತ್ರ ಸದ್ದು ಬರುತ್ತದೆ ಎಂದಾದರೆ ತಪ್ಪು ಬೂಸ್ಟ್ ಕನ್ವರ್ಟರ್‌ನ (ಬ್ಯಾಟರಿಯ ವೋಲ್ಟೇಜ್ ಏರಿಸಿ ಎಲ್‌ಇಡಿಗೆ ಕೊಡುವ ಸರ್ಕ್ಯೂಟ್) ಸ್ವಿಚಿಂಗ್‌ನದ್ದಲ್ಲ, ಡಿಮ್ಮಿಂಗ್‌ನದ್ದು. ಸ್ವಿಚಿಂಗ್‌ನ ತೊಂದರೆಯಾಗಿದ್ದರೆ ಫುಲ್ ಹೊಳಪಿನಲ್ಲಿ, ಅಂದರೆ ಅತಿ ಹೆಚ್ಚು ಲೋಡ್ ಇರುವಾಗ, ಅದು ಇನ್ನೂ ಜೋರಾಗಬೇಕಿತ್ತು.

ಇನ್ನೆರಡು ದೂರುಗಳೂ ಇದ್ದವು. ಅರ್ಧ ಹೊಳಪಿನಲ್ಲಿ ಪರದೆಯ ಮೇಲೆ ಅಡ್ಡ ಪಟ್ಟಿಗಳು ಮಿನುಗುತ್ತಿದ್ದವು. ಲಂಗರು ಹಾಕಿ ಎಂಜಿನ್ ನಿಲ್ಲಿಸಿದಾಗ ಪೆಟ್ಟಿಗೆಯೊಳಗಿಂದಲೇ ಸಣ್ಣಗೆ ಜೀರುಂಡೆಯಂಥ ಸದ್ದು ಕೇಳುತ್ತಿತ್ತು.

ಪೆಟ್ಟಿಗೆಯ ಒಳಗೆ

ಬ್ಯಾಕ್‌ಲೈಟ್‌ನಲ್ಲಿ ಆರು ಸಾಲು, ಸಾಲಿಗೆ ಒಂಬತ್ತು ಬಿಳಿ ಎಲ್‌ಇಡಿ. ಪ್ರತಿ ಸಾಲಿಗೆ 60 ಮಿಲಿಆಂಪ್, ಒಟ್ಟು 360 ಮಿಲಿಆಂಪ್. ಒಂದು ಎಲ್‌ಇಡಿಗೆ 3.2 ವೋಲ್ಟ್ ಹಿಡಿದರೆ ಸಾಲಿಗೆ 28.8 ವೋಲ್ಟ್. ಬೋಟಿನ 12 ವೋಲ್ಟ್ ಲೈನಿನಿಂದ ಬೂಸ್ಟ್ ಕನ್ವರ್ಟರ್ ಇದನ್ನು ಮಾಡಿಕೊಡುತ್ತದೆ. ಎಲ್‌ಇಡಿಗೆ ಹೋಗುವುದು ಸುಮಾರು 10.4 ವಾಟ್. ದಕ್ಷತೆ ಶೇ 88 ಎಂದು ಲೆಕ್ಕ ಹಾಕಿದರೆ ಬ್ಯಾಟರಿಯಿಂದ ಎಳೆಯುವುದು ಹತ್ತಿರ ಹತ್ತಿರ 1 ಆಂಪ್. ಇನ್‌ಪುಟ್‌ನಲ್ಲಿ 100 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇತ್ತು. ಔಟ್‌ಪುಟ್‌ನಲ್ಲಿ 4.7 ಮೈಕ್ರೋಫ್ಯಾರಡ್, 50 ವೋಲ್ಟ್, ಎಕ್ಸ್7ಆರ್ ಬಗೆಯ ಸಿರಾಮಿಕ್ ಕೆಪಾಸಿಟರ್ ಎರಡಿದ್ದವು. ಡಿಮ್ಮಿಂಗ್ 200 ಹರ್ಟ್ಜ್, ಆರೂ ಸಾಲು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು. 200 ಹರ್ಟ್ಜ್ ಯಾರೋ ಲೆಕ್ಕ ಹಾಕಿ ಆರಿಸಿದ್ದಲ್ಲ. ಡ್ರೈವರ್‌ನ (ಎಲ್‌ಇಡಿ ಕರೆಂಟ್ ನಿಯಂತ್ರಿಸುವ ಐಸಿ) ಮಾದರಿ ಸರ್ಕ್ಯೂಟ್‌ನಲ್ಲಿ ಇದ್ದದ್ದು ಹಾಗೇ ಉಳಿದುಕೊಂಡಿತ್ತು. ಇಂಥ ಬೋರ್ಡ್‌ಗಳಲ್ಲಿ ಬಹುಪಾಲು ತೊಂದರೆ ಹೀಗೇ ಒಳಗೆ ಬರುತ್ತದೆ.

ಘಟಕದ ಮೇಜಿನ ಮೇಲೆ ಈ ತೊಂದರೆ ಯಾಕೆ ಕಾಣಲಿಲ್ಲ? ಮೇಜಿನಲ್ಲಿ ಇದ್ದದ್ದು ಲ್ಯಾಬ್ ಪವರ್ ಸಪ್ಲೈ, ಒಂದು ಮೀಟರ್ ದಪ್ಪ ಕೇಬಲ್. ಬೋಟಿನಲ್ಲಿ ಬ್ಯಾಟರಿ ಇರುವುದು ಎಂಜಿನ್ ರೂಮಿನಲ್ಲಿ. ಅಲ್ಲಿಂದ ಕ್ಯಾಬಿನ್ನಿಗೆ 8 ಮೀಟರ್, 1.5 ಚದರ ಮಿಲಿಮೀಟರ್ ತಾಮ್ರದ ತಂತಿ. ಹೋಗಿ ಬರುವ 16 ಮೀಟರಿಗೆ 0.19 ಓಮ್. ಫ್ಯೂಸ್, ಉಪ್ಪುಗಾಳಿಗೆ ಮಂಕಾದ ಕನೆಕ್ಟರ್ ಸೇರಿಸಿದರೆ 0.25 ಓಮ್. ಡಿಸ್‌ಪ್ಲೇ, ವಿಎಚ್‌ಎಫ್ ವಯರ್‌ಲೆಸ್, ಫಿಶ್ ಫೈಂಡರ್ ಮೂರೂ ಕ್ಯಾಬಿನ್ನಿನ ಒಂದೇ ಫ್ಯೂಸ್ ಬಾಕ್ಸಿನಿಂದ, ಅಂದರೆ ಈ ಒಂದೇ ತಂತಿಯಿಂದ, ಕರೆಂಟ್ ಪಡೆಯುತ್ತವೆ. 1 ಆಂಪ್ ಸೆಕೆಂಡಿಗೆ 200 ಬಾರಿ ಬಂದು ಹೋದರೆ ಫ್ಯೂಸ್ ಬಾಕ್ಸಿನಲ್ಲಿ 0.25 ವೋಲ್ಟ್ ಅಷ್ಟೇ ಬಾರಿ ಏರಿ ಇಳಿಯುತ್ತದೆ. ವಯರ್‌ಲೆಸ್‌ನ ಸ್ಪೀಕರಿನಲ್ಲಿ ಕೇಳಿಸಿದ್ದು ಅದೇ ಅಲೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ವಯರ್‌ಲೆಸ್‌ಗೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದಿದ್ದರೆ ಸದ್ದು ಬಹುಮಟ್ಟಿಗೆ ಹೋಗುತ್ತಿತ್ತು. ಎಳೆಯಲು ಜಾಗವಿರುವ ಬೋಟಿನಲ್ಲಿ ಈಗಲೂ ಅದನ್ನು ಮಾಡಬೇಕು. ಆದರೆ ಡಿಸ್‌ಪ್ಲೇ ಮಾಡುವವರು ಪ್ರತಿ ಬೋಟಿನ ವಯರಿಂಗ್ ಬದಲಿಸಲು ಸಾಧ್ಯವಿಲ್ಲ. ಸಿಕ್ಕಿದ ಲೈನಿನಲ್ಲಿ ಗಲೀಜು ಮಾಡದೆ ನಡೆಯುವುದು ಪೆಟ್ಟಿಗೆಯ ಕೆಲಸ. ಅದಕ್ಕಾಗಿ ಇಟ್ಟುಕೊಂಡ ಗುರಿ: ಯಾವ ಹೊಳಪಿನಲ್ಲೂ ಪೆಟ್ಟಿಗೆಯ ಇನ್‌ಪುಟ್ ಕೆಪಾಸಿಟರ್ ಮೇಲೆ ಡಿಮ್ಮಿಂಗ್ ರಿಪಲ್ (ಡಿಮ್ಮಿಂಗ್‌ನಿಂದ ಏಳುವ ವೋಲ್ಟೇಜ್ ಏರಿಳಿತ) 20 ಮಿಲಿವೋಲ್ಟ್ ದಾಟಬಾರದು.

ದೊಡ್ಡ ಕೆಪಾಸಿಟರ್ ಹಾಕಿದರೆ ಆಗದೇ?

ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಲೆಕ್ಕ ಹಾಕಿ ನೋಡಿ. ಬ್ಯಾಟರಿಯಿಂದ ಸರಾಸರಿ ಕರೆಂಟ್ ಮಾತ್ರ ಬಂದು, ಏರಿಳಿತವನ್ನೆಲ್ಲ ಕೆಪಾಸಿಟರ್ ಹೊತ್ತುಕೊಳ್ಳಬೇಕಾದರೆ:

ರಿಪಲ್ = ಕರೆಂಟ್ × ಡ್ಯೂಟಿ × (1 − ಡ್ಯೂಟಿ) ÷ (ಫ್ರೀಕ್ವೆನ್ಸಿ × ಕೆಪಾಸಿಟೆನ್ಸ್)

ಡ್ಯೂಟಿ × (1 − ಡ್ಯೂಟಿ) ಅತಿ ದೊಡ್ಡದಾಗುವುದು ಅರ್ಧ ಹೊಳಪಿನಲ್ಲಿ, ಆಗ ಅದರ ಬೆಲೆ 0.25. 1 ಆಂಪ್, 200 ಹರ್ಟ್ಜ್, 100 ಮೈಕ್ರೋಫ್ಯಾರಡ್ ಹಾಕಿದರೆ ಉತ್ತರ 12.5 ವೋಲ್ಟ್. ಅಂದರೆ ಆ ಕೆಪಾಸಿಟರ್ ಇದ್ದೂ ಇಲ್ಲದಂತೆ. ಏರಿಳಿತವೆಲ್ಲ ತಂತಿಯ ಮೂಲಕ ಬ್ಯಾಟರಿಗೇ ಹೋಗುತ್ತದೆ. 20 ಮಿಲಿವೋಲ್ಟ್ ಬೇಕೆಂದು ತಿರುಗಿಸಿ ಕೇಳಿದರೆ 62,500 ಮೈಕ್ರೋಫ್ಯಾರಡ್ ಬೇಕು. ಅದನ್ನು ಇಡಲು ಪೆಟ್ಟಿಗೆಯಲ್ಲಿ ಜಾಗವಿಲ್ಲ, ಸ್ವಿಚ್ ಹಾಕಿದ ಕ್ಷಣಕ್ಕೆ ಅದು ಎಳೆಯುವ ಕರೆಂಟ್‌ಗೆ ಫ್ಯೂಸ್ ಉಳಿಯುವುದಿಲ್ಲ. ಹಾಗಾಗಿ ಬದಲಿಸಬೇಕಾದದ್ದು ಛೇದದಲ್ಲಿರುವ ಇನ್ನೊಂದು ಸಂಖ್ಯೆ, ಫ್ರೀಕ್ವೆನ್ಸಿ.

ಕೆಪಾಸಿಟರನ್ನೂ ಸ್ವಲ್ಪ ಬೆಳೆಸಲಾಯಿತು: 470 ಮೈಕ್ರೋಫ್ಯಾರಡ್, 35 ವೋಲ್ಟ್, 105 ಡಿಗ್ರಿಯ ಲೋ-ಇಎಸ್‌ಆರ್ (ಒಳ ಪ್ರತಿರೋಧ ಕಡಿಮೆ ಇರುವ) ಎಲೆಕ್ಟ್ರೋಲಿಟಿಕ್. ಅದರ ಮುಂದೆ 10 ಮೈಕ್ರೋಹೆನ್ರಿಯ ಕಾಯಿಲ್. ಮುಂದಿನ ಎಲ್ಲ ಲೆಕ್ಕವೂ ಇವೆರಡನ್ನು ಇಟ್ಟುಕೊಂಡು.

200 ಹರ್ಟ್ಜ್ ಬಿಡಲು ಕಣ್ಣಿನ ಕಡೆಯಿಂದಲೂ ಕಾರಣವಿದೆ. ಎಲ್‌ಇಡಿ ಮಿನುಗಿನ ಕುರಿತ ಐಇಇಇ 1789-2015 ಶಿಫಾರಸಿನಂತೆ, 90 ಹರ್ಟ್ಜ್‌ನಿಂದ 1250 ಹರ್ಟ್ಜ್ ತನಕ ಕಡಿಮೆ ಅಪಾಯದ ಮಿತಿ ಫ್ರೀಕ್ವೆನ್ಸಿಯ 0.08 ಪಟ್ಟು. 200 ಹರ್ಟ್ಜ್‌ಗೆ ಶೇ 16 ಏರಿಳಿತ ಮಾತ್ರ ಸಲ್ಲುತ್ತದೆ. ಪೂರ್ತಿ ಹೊತ್ತಿ ಪೂರ್ತಿ ಆರುವ ಪಿಡಬ್ಲ್ಯುಎಂನಲ್ಲಿ ಅದು ಶೇ 100. 3 ಕಿಲೋಹರ್ಟ್ಜ್ ದಾಟಿದರೆ ಪೂರ್ತಿ ಏರಿಳಿತವಿದ್ದರೂ ತೊಂದರೆಯಿಲ್ಲ. ತೂಗಾಡುವ ಬೋಟಿನಲ್ಲಿ ಕಣ್ಣು ಒಂದೆಡೆ ನಿಲ್ಲುವುದಿಲ್ಲ, ಆದ್ದರಿಂದ ನೆಲದ ಮೇಲೆ ಗೊತ್ತಾಗದ ಮಿನುಗು ಅಲ್ಲಿ ಗೊತ್ತಾಗುತ್ತದೆ. ಪರದೆಯ ಅಡ್ಡ ಪಟ್ಟಿಗಳ ಕಾರಣವೂ ಇಲ್ಲೇ ಇದೆ: 800×600 ಪ್ಯಾನೆಲ್‌ನ ಫ್ರೇಮ್ ರೇಟ್ 60.317 ಹರ್ಟ್ಜ್ (40 ಮೆಗಾಹರ್ಟ್ಜ್ ÷ 1056 ÷ 628). ಅದರ ಮೂರು ಪಟ್ಟು 180.95. 200ಕ್ಕೂ ಅದಕ್ಕೂ ಇರುವ ವ್ಯತ್ಯಾಸ 19 ಹರ್ಟ್ಜ್, ಆ ವೇಗದಲ್ಲೇ ಪಟ್ಟಿಗಳು ಮಿನುಗಿದವು.

2 ಕಿಲೋಹರ್ಟ್ಜ್: ಹತ್ತು ಪಟ್ಟು ಏರಿಸಿದರೂ ಹದಗೆಟ್ಟದ್ದು

ಡ್ರೈವರ್‌ನ ಒಂದು ರೆಸಿಸ್ಟರ್ ಬದಲಿಸಿದರೆ 2 ಕಿಲೋಹರ್ಟ್ಜ್ ಸಿಗುತ್ತಿತ್ತು, ಹಾಗಾಗಿ ಮೊದಲು ಅದನ್ನೇ ಮಾಡಿದರು. ಪರದೆಯ ಪಟ್ಟಿ ಹೋಯಿತು. ಆದರೆ ಪೆಟ್ಟಿಗೆಯ ಕೀರಲು ಮೊದಲಿಗಿಂತ ಜೋರಾಯಿತು, ವಯರ್‌ಲೆಸ್‌ನಲ್ಲಿ ಗುಂಯ್ ಹೋಗಿ ಸೀಟಿಯಂಥ ಸದ್ದು ಬಂತು.

ಕಾರಣ ಎರಡು. ಮೊದಲನೆಯದು ಔಟ್‌ಪುಟ್ ಕಡೆಯದ್ದು, ಇದನ್ನು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ಎಕ್ಸ್7ಆರ್ ಸಿರಾಮಿಕ್ ಕೆಪಾಸಿಟರ್ ವೋಲ್ಟೇಜ್ ಏರಿಳಿದಂತೆ ಕೂದಲೆಳೆಗಿಂತಲೂ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಅದರ ಎರಡೂ ತುದಿ ಬೋರ್ಡಿಗೆ ಬೆಸೆದಿರುವುದರಿಂದ ಬೋರ್ಡ್ ಬಾಗಿ, ಇಡೀ ಬೋರ್ಡೇ ಸ್ಪೀಕರಿನ ಹಾಳೆಯಂತೆ ಕಂಪಿಸುತ್ತದೆ. ಇನ್ನೊಂದು ವಿಷಯ: 29 ವೋಲ್ಟ್ ಬಿದ್ದಾಗ ಇಂಥ ಸಿರಾಮಿಕ್‌ನ ಕೆಪಾಸಿಟೆನ್ಸ್ ಬರೆದದ್ದರ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಎರಡು ಸೇರಿ 9.4 ಎಂದು ಕಾಗದದಲ್ಲಿದ್ದರೂ ಲೆಕ್ಕಕ್ಕೆ 4.4 ಮೈಕ್ರೋಫ್ಯಾರಡ್ ಹಿಡಿಯಬೇಕಾಯಿತು.

ಆರೂ ಸಾಲು ಒಮ್ಮೆಲೇ ಹೊತ್ತಿದಾಗ 360 ಮಿಲಿಆಂಪ್ ಬೇಕು. ಬೂಸ್ಟ್ ಕಾಯಿಲ್‌ನಲ್ಲಿ ಕರೆಂಟ್ ಬೆಳೆಯಲು 20 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಕೆಪಾಸಿಟರೇ ಕೊಡಬೇಕು: 0.36 × 20 ÷ 4.4 ಅಂದರೆ 1.6 ವೋಲ್ಟ್ ಕುಸಿತ. ಈ ಲೆಕ್ಕದಲ್ಲಿ ಡಿಮ್ಮಿಂಗ್ ಫ್ರೀಕ್ವೆನ್ಸಿ ಎಲ್ಲೂ ಬರುವುದಿಲ್ಲ ಎಂಬುದನ್ನು ಗಮನಿಸಿ. 200 ಹರ್ಟ್ಜ್‌ನಲ್ಲೂ 1.6 ವೋಲ್ಟ್, 2 ಕಿಲೋಹರ್ಟ್ಜ್‌ನಲ್ಲೂ 1.6 ವೋಲ್ಟ್. ಕುಸಿತ ಕಡಿಮೆಯಾಗಲಿಲ್ಲ, ಸೆಕೆಂಡಿಗೆ ಹತ್ತು ಪಟ್ಟು ಹೆಚ್ಚು ಬಾರಿ ಆಯಿತು, ಅದೂ ಮನುಷ್ಯನ ಕಿವಿ ಅತಿ ಚುರುಕಾಗಿರುವ 2ರಿಂದ 5 ಕಿಲೋಹರ್ಟ್ಜ್ ಪಟ್ಟಿಯೊಳಗೆ. ಫ್ರೀಕ್ವೆನ್ಸಿ ಏರಿಸಿದರೆ ಔಟ್‌ಪುಟ್ ರಿಪಲ್ ಇಳಿಯುವುದು ಬೂಸ್ಟ್‌ನ ಕಂಟ್ರೋಲ್ ಲೂಪ್ ಪ್ರತಿ ಮೆಟ್ಟಿಲಿಗೂ ಪ್ರತಿಕ್ರಿಯಿಸಲಾರದಷ್ಟು ಮೇಲೆ ಹೋದ ನಂತರ ಮಾತ್ರ.

ಎರಡನೆಯ ಕಾರಣ ಇನ್‌ಪುಟ್ ಫಿಲ್ಟರ್. 10 ಮೈಕ್ರೋಹೆನ್ರಿ, 470 ಮೈಕ್ರೋಫ್ಯಾರಡ್ ಎರಡರ ಅನುರಣನ (ಅವೆರಡು ಸೇರಿ ತಾವಾಗಿ ತೂಗಾಡುವ ಫ್ರೀಕ್ವೆನ್ಸಿ) 2.3 ಕಿಲೋಹರ್ಟ್ಜ್. ಬೋಟಿನ ಉದ್ದ ಕೇಬಲ್ ಸುಮಾರು 6 ಮೈಕ್ರೋಹೆನ್ರಿ ಸೇರಿಸಿದರೆ ಅದು 1.8ಕ್ಕೆ ಇಳಿಯುತ್ತದೆ. ಡಿಮ್ಮಿಂಗ್ ಸರಿಯಾಗಿ ಅವೆರಡರ ನಡುವೆ ಬಂದು ಕುಳಿತಿತ್ತು. ಬೋಟಿನ ತಂತಿಯ 0.25 ಓಮ್ ಅನುರಣನವನ್ನು ತಗ್ಗಿಸುತ್ತದೆ, ಆದ್ದರಿಂದ ಅಲ್ಲಿ ರಿಪಲ್ ದೊಡ್ಡದಾಗಲಿಲ್ಲ. ಆದರೆ ಫಿಲ್ಟರಿನಿಂದ ಉಪಯೋಗವೂ ಆಗಲಿಲ್ಲ. ಮೇಜಿನ ಮೇಲೆ ದಪ್ಪ ಕೇಬಲಿನಲ್ಲಂತೂ ಅದೇ ಫಿಲ್ಟರ್ ರಿಪಲನ್ನು ಹೆಚ್ಚಿಸಿ ತೋರಿಸಿತು. ಡಿಮ್ಮಿಂಗ್ ಫ್ರೀಕ್ವೆನ್ಸಿ ಫಿಲ್ಟರಿನ ಅನುರಣನಕ್ಕಿಂತ ಕನಿಷ್ಠ ಐದು ಪಟ್ಟು ಮೇಲಿರಬೇಕು ಎಂದು ಇಟ್ಟುಕೊಂಡರೆ ಇಲ್ಲಿ 11.5 ಕಿಲೋಹರ್ಟ್ಜ್ ಕೆಳಗಿನದ್ದೆಲ್ಲ ಹೊರಗೆ.

20 ಕಿಲೋಹರ್ಟ್ಜ್: ಸದ್ದು ಹೋಯಿತು, ಮೀನು ಕಾಣದಾಯಿತು

ಕಿವಿಗೆ ಕೇಳದ ಕಡೆ ಹೋದರಾಯಿತು ಎಂದು 20 ಕಿಲೋಹರ್ಟ್ಜ್ ಪ್ರಯತ್ನಿಸಿದಾಗ ವಯರ್‌ಲೆಸ್ ಸ್ವಚ್ಛವಾಯಿತು, ಪೆಟ್ಟಿಗೆಯ ಕೀರಲೂ ನಿಂತಿತು. ಆದರೆ ಹೊಸದಾಗಿ ಎರಡು ತೊಂದರೆ ಬಂದವು.

ಫಿಶ್ ಫೈಂಡರ್‌ನ 200 ಕಿಲೋಹರ್ಟ್ಜ್ ಚಿತ್ರದಲ್ಲಿ, ಗೇಯ್ನ್ ಏರಿಸಿದ ಕೂಡಲೇ, ನೀರಿನ ನಡು ಆಳದಲ್ಲೆಲ್ಲ ಚುಕ್ಕೆ ತುಂಬಿಕೊಂಡಿತು. ಬಂಗುಡೆ, ಬೂತಾಯಿಯ ಹಿಂಡು ಕಾಣಬೇಕಾದ ಜಾಗವೇ ಅದು. 50 ಕಿಲೋಹರ್ಟ್ಜ್‌ಗೆ ಬದಲಿಸಿದರೆ ಚಿತ್ರ ಶುಭ್ರ. ಡಿಸ್‌ಪ್ಲೇ ಫುಲ್ ಹೊಳಪಿಗೆ ತಂದರೂ ಶುಭ್ರ. ಬೋಟ್‌ಗಳಲ್ಲಿ ಬಳಕೆಯಲ್ಲಿರುವ ಫಿಶ್ ಫೈಂಡರ್‌ಗಳು ಸಾಮಾನ್ಯವಾಗಿ 50 ಮತ್ತು 200 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಪಿಡಬ್ಲ್ಯುಎಂ ಅಲೆಗೆ ತನ್ನ ಫ್ರೀಕ್ವೆನ್ಸಿಯ ಎಲ್ಲ ಗುಣಕಗಳಲ್ಲೂ ಹಾರ್ಮೋನಿಕ್, ಅಂದರೆ ಜೊತೆಗೇ ಹುಟ್ಟುವ ಸಣ್ಣ ಅಲೆ, ಇರುತ್ತದೆ. 20ರ ಹತ್ತನೆಯದು ಸರಿಯಾಗಿ 200. ಹಾಗಾದರೆ 25 ಆಗಬಹುದೇ? ಅದರ ಎರಡನೆಯದು 50, ಎಂಟನೆಯದು 200, ಎರಡೂ ಹಾಳು. 22? ಒಂಬತ್ತನೆಯದು 198, ತೀರಾ ಹತ್ತಿರ. 23? 46 ಮತ್ತು 207. 21 ತೆಗೆದುಕೊಂಡರೆ 50ರ ಅಕ್ಕಪಕ್ಕ 42 ಮತ್ತು 63, 200ರ ಅಕ್ಕಪಕ್ಕ 189 ಮತ್ತು 210. ಅತಿ ಹತ್ತಿರದ್ದೇ 8 ಕಿಲೋಹರ್ಟ್ಜ್ ದೂರ. ಫಿಶ್ ಫೈಂಡರ್ ಕಡಿಮೆ ಆಳದಲ್ಲಿ 0.1 ಮಿಲಿಸೆಕೆಂಡ್‌ನ ಚಿಕ್ಕ ಪಲ್ಸ್ ಬಿಟ್ಟರೆ ಅದರ ರಿಸೀವರ್‌ಗೆ 10 ಕಿಲೋಹರ್ಟ್ಜ್, ಅಂದರೆ ಎರಡೂ ಕಡೆ 5 ಕಿಲೋಹರ್ಟ್ಜ್ ಅಗಲ ಬೇಕು. 8 ಅದರಿಂದ ಹೊರಗಿದೆ. ಶೇ 50 ಡ್ಯೂಟಿಯಲ್ಲಿ ಸಮ ಸಂಖ್ಯೆಯ ಹಾರ್ಮೋನಿಕ್ ಇರುವುದಿಲ್ಲ ಎಂದು ನೆಮ್ಮದಿಯಿಂದ ಕೂರುವ ಹಾಗಿಲ್ಲ. ಹೊಳಪು ಬದಲಾದಂತೆ ಡ್ಯೂಟಿ ಬದಲಾಗುತ್ತದೆ, ಎಲ್ಲವೂ ಬಂದು ಹೋಗುತ್ತವೆ.

ಎರಡನೆಯ ತೊಂದರೆ ರಾತ್ರಿಯದ್ದು. ಡ್ರೈವರ್‌ನ ಕರೆಂಟ್ ಸಿಂಕ್ (ಸಾಲಿನ ಕರೆಂಟ್ ಹಿಡಿದಿಡುವ ಭಾಗ) ಸರಿಯಾಗಿ ಹೊತ್ತಿ ಆರಲು ಕನಿಷ್ಠ 2 ಮೈಕ್ರೋಸೆಕೆಂಡ್ ಬೇಕು. 20 ಕಿಲೋಹರ್ಟ್ಜ್‌ನ ಅವಧಿ 50 ಮೈಕ್ರೋಸೆಕೆಂಡ್, ಹಾಗಾಗಿ ಶೇ 4ಕ್ಕಿಂತ ಕೆಳಗೆ ಇಳಿಸಲು ಬರುವುದಿಲ್ಲ. 1000 ನಿಟ್‌ನ ಶೇ 4 ಎಂದರೆ 40 ನಿಟ್. ಮನೆಯೊಳಗೆ ಇದು ಮಂದ ಬೆಳಕು. ಕತ್ತಲ ಕಡಲಿನಲ್ಲಿ ಕಣ್ಣು ಕುಕ್ಕುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಪರದೆ ನೋಡಿದ ಪ್ರತಿ ಸಲವೂ ಅದು ಕೆಡುತ್ತದೆ. ಮುಂದಿರುವ ನಾಡದೋಣಿಯ ಸಣ್ಣ ದೀಪ ತಾಂಡೇಲರಿಗೆ ಕಾಣದೆ ಹೋದರೆ ಆಗುವ ಅನಾಹುತದ ಮುಂದೆ ವಯರ್‌ಲೆಸ್‌ನ ಗುಂಯ್ ಸದ್ದು ಏನೂ ಅಲ್ಲ. ಗುರಿ 2 ನಿಟ್, ಅಂದರೆ ಶೇ 0.2.

ರಿಪಲ್ ಕೂಡ ಗುರಿ ಮುಟ್ಟಲಿಲ್ಲ. ಸೂತ್ರದಂತೆ 470 ಮೈಕ್ರೋಫ್ಯಾರಡ್‌ಗೆ 27 ಮಿಲಿವೋಲ್ಟ್. ಅದಕ್ಕಿಂತ ದೊಡ್ಡದು ಇಎಸ್‌ಆರ್‌ನಿಂದ ಬರುವುದು: ಕೆಪಾಸಿಟರಿನ ಒಳ ಪ್ರತಿರೋಧ 0.05 ಓಮ್, 1 ಆಂಪ್ ಮೆಟ್ಟಿಲಿಗೆ 50 ಮಿಲಿವೋಲ್ಟ್. ಫ್ರೀಕ್ವೆನ್ಸಿ ಏರಿಸಿದರೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಅಲುಗುವುದಿಲ್ಲ. ಈ ಮಟ್ಟಕ್ಕೆ ಬಂದಮೇಲೆ ಫ್ರೀಕ್ವೆನ್ಸಿ ಹೆಚ್ಚಿಸುತ್ತಾ ಹೋಗುವುದು ವ್ಯರ್ಥ. ಮೆಟ್ಟಿಲಿನ ಎತ್ತರವನ್ನೇ ತಗ್ಗಿಸಬೇಕು.

ಆರು ಸಾಲನ್ನು ಸರದಿಯಲ್ಲಿ ಹೊತ್ತಿಸುವುದು

ಆರೂ ಸಾಲು ಒಟ್ಟಿಗೆ ಹೊತ್ತಬೇಕೆಂಬ ನಿಯಮವೇನಿಲ್ಲ. ಒಂದೊಂದು ಸಾಲನ್ನು ಅವಧಿಯ ಆರನೇ ಒಂದು ಭಾಗ ತಡವಾಗಿ, ಅಂದರೆ 60 ಡಿಗ್ರಿ ಅಂತರದಲ್ಲಿ ಹೊತ್ತಿಸಿದರೆ ಒಟ್ಟು ಕರೆಂಟ್ 1 ಆಂಪ್‌ನ ಒಂದು ದೊಡ್ಡ ಮೆಟ್ಟಿಲಿನ ಬದಲು 0.167 ಆಂಪ್‌ನ ಸಣ್ಣ ಮೆಟ್ಟಿಲುಗಳಲ್ಲಿ ಏರಿ ಇಳಿಯುತ್ತದೆ. ಒಟ್ಟು ಅಲೆಯ ಫ್ರೀಕ್ವೆನ್ಸಿ ಸಾಲಿನ ಫ್ರೀಕ್ವೆನ್ಸಿಯ ಆರು ಪಟ್ಟು. ಇದಕ್ಕೆ ಫೇಸ್ ಶಿಫ್ಟ್ ಡಿಮ್ಮಿಂಗ್ ಎನ್ನುತ್ತಾರೆ. ಆರು ಚಾನೆಲ್‌ನ ಅನೇಕ ಡ್ರೈವರ್ ಐಸಿಗಳಲ್ಲಿ ಈ ಸೌಲಭ್ಯ ಇರುತ್ತದೆ. ಹಳೆಯ ಐಸಿಯಲ್ಲಿ ಇರಲಿಲ್ಲ, ಆದ್ದರಿಂದ ಡ್ರೈವರ್ ಬೋರ್ಡನ್ನೇ ಬದಲಿಸಬೇಕಾಯಿತು. ಖರ್ಚಿನ ದೃಷ್ಟಿಯಿಂದ ಇದೇ ದೊಡ್ಡ ತೀರ್ಮಾನ.

ಇದರ ದೊಡ್ಡ ಲಾಭವೆಂದರೆ ಲೈನಿಗೆ ಬೇಕಾದ ಫ್ರೀಕ್ವೆನ್ಸಿಯೂ ಸಾಲಿಗೆ ಬೇಕಾದ ಫ್ರೀಕ್ವೆನ್ಸಿಯೂ ಬೇರೆ ಬೇರೆಯಾಗುತ್ತವೆ. ಬ್ಯಾಟರಿ ಲೈನಿಗೆ 21 ಕಿಲೋಹರ್ಟ್ಜ್ ಕಾಣಬೇಕು. ಸಾಲಿಗೆ 3.5 ಕಿಲೋಹರ್ಟ್ಜ್ ಸಾಕು. ಸಾಲಿನ ಅವಧಿ 286 ಮೈಕ್ರೋಸೆಕೆಂಡ್, ಶೇ 1 ಎಂದರೆ 2.86 ಮೈಕ್ರೋಸೆಕೆಂಡ್, ಸಿಂಕ್‌ನ ಮಿತಿಗಿಂತ ಮೇಲೆ. ಕಣ್ಣಿನ 3 ಕಿಲೋಹರ್ಟ್ಜ್ ಗೆರೆಯನ್ನೂ ದಾಟಿದೆ.

ಇನ್‌ಪುಟ್ ರಿಪಲ್: 0.167 × 0.25 ÷ (21,000 × 470 ಮೈಕ್ರೋ) = 4.2 ಮಿಲಿವೋಲ್ಟ್. ಇಎಸ್‌ಆರ್‌ನದ್ದು 8. ಒಟ್ಟು 12 ಮಿಲಿವೋಲ್ಟ್ ಹಿಡಿದರೂ ಗುರಿಯೊಳಗೆ. ಕಾಯಿಲ್ ದಾಟಿ ಬೋಟಿನ ತಂತಿಗೆ ಹೋಗುವುದು ಇನ್ನೂ ಕಡಿಮೆ, ಏಕೆಂದರೆ 21 ಕಿಲೋಹರ್ಟ್ಜ್‌ಗೆ 10 ಮೈಕ್ರೋಹೆನ್ರಿ ಒಡ್ಡುವ ತಡೆ 1.3 ಓಮ್. ಔಟ್‌ಪುಟ್‌ನಲ್ಲಿ 0.06 × 0.25 ÷ (21,000 × 4.4 ಮೈಕ್ರೋ), ಅಂದರೆ 0.16 ವೋಲ್ಟ್. ಮೊದಲಿದ್ದ 1.6 ವೋಲ್ಟ್‌ನ ಹತ್ತನೇ ಒಂದು ಭಾಗ, ಅದೂ ಕಿವಿಗೆ ಕೇಳದ ಜಾಗದಲ್ಲಿ. ಡ್ಯೂಟಿ ಆರನೇ ಒಂದು, ಮೂರನೇ ಒಂದು, ಅರ್ಧ ಹೀಗೆ ಆರರ ಭಾಗಗಳಿಗೆ ಸರಿಹೊಂದಿದಾಗ ಒಂದು ಸಾಲು ಆರುವ ಕ್ಷಣಕ್ಕೇ ಇನ್ನೊಂದು ಹೊತ್ತಿ ರಿಪಲ್ ಬಹುತೇಕ ಮಾಯವಾಗುತ್ತದೆ. ಇದರಿಂದ ಅಳತೆಯಲ್ಲಿ ಮೋಸಹೋಗಬಾರದು. ಮೊದಲಿನಂತೆ ಅರ್ಧ ಹೊಳಪಿನಲ್ಲಿ ಮಾತ್ರ ಅಳೆದರೆ ರಿಪಲ್ಲೇ ಇಲ್ಲ ಎಂದು ಕಾಣುತ್ತದೆ. ಅಳೆಯಬೇಕಾದದ್ದು ನಡುವೆ: ಶೇ 8, 25, 42, 58ರ ಆಸುಪಾಸಿನಲ್ಲಿ.

3.5 ಅಲ್ಲ, 3.498

ಹೊಸ ಬೋರ್ಡಿಗೆ 3500 ಹರ್ಟ್ಜ್ ಹಾಕಿ ಹೊತ್ತಿಸಿದಾಗ ಪರದೆಯ ಮೇಲೆ ಹತ್ತು ಹನ್ನೊಂದು ಗೆರೆಗಳಷ್ಟು ಅಗಲದ ತೀರ ಮಸುಕಾದ ಪಟ್ಟಿಗಳು ನಿಧಾನವಾಗಿ ಹರಿದವು. 60.317ರ 58 ಪಟ್ಟು 3498.4. ವ್ಯತ್ಯಾಸ 1.6 ಹರ್ಟ್ಜ್, ಅಂದರೆ ಕಣ್ಣು ಆರಾಮವಾಗಿ ಹಿಂಬಾಲಿಸಬಲ್ಲ ವೇಗ. ನಿಂತ ಪಟ್ಟಿಯಾಗಿದ್ದರೆ ಅಷ್ಟು ಮಸುಕಾದದ್ದು ಯಾರಿಗೂ ಕಾಣುತ್ತಿರಲಿಲ್ಲ, ಚಲಿಸಿದ್ದರಿಂದ ಕಂಡಿತು.

ಪರಿಹಾರ ಸುಲಭ: ಡಿಮ್ಮಿಂಗ್ ಗಡಿಯಾರವನ್ನು ಫ್ರೇಮ್‌ಗೆ ಕಟ್ಟಿಹಾಕುವುದು. ಸ್ಕೇಲರ್ ಬೋರ್ಡಿನ (ಪ್ಯಾನೆಲ್‌ಗೆ ಚಿತ್ರ ಕಳುಹಿಸುವ ಬೋರ್ಡ್) ವಿ-ಸಿಂಕ್‌ನಿಂದ, ಅಂದರೆ ಪ್ರತಿ ಫ್ರೇಮ್‌ನ ಆರಂಭ ತಿಳಿಸುವ ಸಿಗ್ನಲ್‌ನಿಂದ, ಡ್ರೈವರ್‌ನ ಸಿಂಕ್ ಪಿನ್‌ಗೆ 1 ಕಿಲೋಓಮ್ ಮೂಲಕ ಒಂದು ತಂತಿ ಎಳೆದು, ಡ್ರೈವರ್‌ನ ಪಿಎಲ್‌ಎಲ್ (ಬಂದ ಫ್ರೀಕ್ವೆನ್ಸಿಯನ್ನು ಗುಣಿಸುವ ಸರ್ಕ್ಯೂಟ್) ಗುಣಕವನ್ನು 58 ಮಾಡಲಾಯಿತು. ಸಾಲಿಗೆ 3498.4, ಒಟ್ಟು 20.99 ಕಿಲೋಹರ್ಟ್ಜ್. ಫಿಶ್ ಫೈಂಡರ್‌ನ ಲೆಕ್ಕ ಕೆಡಲಿಲ್ಲ. ಪ್ಲಾಟರ್ 640×480 ಸಿಗ್ನಲ್ ಕೊಟ್ಟರೆ ಫ್ರೇಮ್ ರೇಟ್ 59.94 ಆಗಿ ಒಟ್ಟು 20.86ಕ್ಕೆ ಬರುತ್ತದೆ, ಅದೂ ಸುರಕ್ಷಿತ. 75 ಹರ್ಟ್ಜ್ ಸಿಗ್ನಲ್ ಬಂದರೆ ಮಾತ್ರ 58 ಇಟ್ಟುಕೊಳ್ಳಬಾರದು: ಒಟ್ಟು 26.1 ಆಗಿ ಅದರ ಎರಡನೆಯ ಹಾರ್ಮೋನಿಕ್ 52.2ಕ್ಕೆ, 50ರ ಮಗ್ಗುಲಿಗೇ ಬೀಳುತ್ತದೆ. ಆಗ ಗುಣಕ 47, ಒಟ್ಟು 21.15. ಫರ್ಮ್‌ವೇರ್ ಫ್ರೇಮ್ ರೇಟ್ ಅಳೆದು ಗುಣಕ ಬದಲಿಸುವಂತೆ ಮಾಡಬೇಕು. ಪ್ಲಾಟರ್‌ನಿಂದ ಫಿಶ್ ಫೈಂಡರ್‌ಗೆ ಚಿತ್ರ ಬದಲಿಸುವಾಗ ವಿ-ಸಿಂಕ್ ಕ್ಷಣಕಾಲ ಇರುವುದಿಲ್ಲ. ಆಗ ಬೆಳಕು ಆರದಂತೆ ಡ್ರೈವರ್ ತನ್ನದೇ ಆಸಿಲೇಟರಿಗೆ ಮರಳುವ ಸೆಟ್ಟಿಂಗ್ ಆನ್ ಇರಬೇಕು.

ಕೆಳಗಿನ ಹೊಳಪಿಗೆ ಮಾತ್ರ ಪಿಡಬ್ಲ್ಯುಎಂ

ಶೇ 1 ಡ್ಯೂಟಿಯಿಂದ 10 ನಿಟ್ ಬರುತ್ತದೆ, ಬೇಕಾದದ್ದು 2. ಉಳಿದ ಐದು ಪಟ್ಟು ಕರೆಂಟ್ ಇಳಿಸಿ ಪಡೆಯಬೇಕು. ಹಾಗಾಗಿ ಹೊಳಪಿನ ಹಾದಿಯನ್ನು ಎರಡಾಗಿ ಒಡೆಯಲಾಯಿತು. ಶೇ 100ರಿಂದ 20ರ ತನಕ ಪಿಡಬ್ಲ್ಯುಎಂ ಇಲ್ಲವೇ ಇಲ್ಲ; ಸಾಲಿನ ಕರೆಂಟನ್ನೇ 60ರಿಂದ 12 ಮಿಲಿಆಂಪ್‌ಗೆ ಇಳಿಸುವುದು. ಅದರ ಕೆಳಗೆ ಕರೆಂಟ್ 12ರಲ್ಲೇ ನಿಂತು ಪಿಡಬ್ಲ್ಯುಎಂ ಶುರು. ಶೇ 20ರ ಶೇ 1 ಎಂದರೆ ಶೇ 0.2. ಹಗಲು, ಸಂಜೆ ಬಳಸುವ ಹೊಳಪಿನಲ್ಲಿ ಡಿಮ್ಮಿಂಗ್ ರಿಪಲ್ ಹುಟ್ಟುವುದೇ ಇಲ್ಲ. ರಾತ್ರಿಯ ಪಿಡಬ್ಲ್ಯುಎಂನಲ್ಲೂ ಬ್ಯಾಟರಿ ಕರೆಂಟ್ ಒಟ್ಟು 0.18 ಆಂಪ್, ಒಂದು ಸಾಲಿಗೆ 0.03, ರಿಪಲ್ 3 ಮಿಲಿವೋಲ್ಟ್ ದಾಟದು.

ಪಿಡಬ್ಲ್ಯುಎಂ ಬಿಟ್ಟು ಕರೆಂಟ್ ತಗ್ಗಿಸಿಯೇ ಪೂರ್ತಿ ಇಳಿಸಬಹುದಿತ್ತಲ್ಲ ಎಂದರೆ, ಶೇ 0.2 ಎಂದರೆ ಸಾಲಿಗೆ 0.12 ಮಿಲಿಆಂಪ್. ಅಷ್ಟು ಕೆಳಗೆ ಆರು ಸಿಂಕ್‌ಗಳು ಒಂದಕ್ಕೊಂದು ಹೊಂದುವುದಿಲ್ಲ, ಪರದೆಯ ಅಂಚಿನಲ್ಲಿ ಕಪ್ಪು ಬಿಳುಪು ಮಚ್ಚೆ ಬೀಳುತ್ತದೆ. 12 ಮಿಲಿಆಂಪ್‌ನಲ್ಲಿ ಬಿಳಿ ಬಣ್ಣ ಕೊಂಚ ಬದಲಾಗುತ್ತದೆ. ರಾತ್ರಿ ಪ್ಲಾಟರನ್ನು ಹೇಗೂ ಕಪ್ಪು ಹಿನ್ನೆಲೆಯ ನೈಟ್ ಮೋಡ್‌ನಲ್ಲಿ ಇಡುವುದರಿಂದ ಇದನ್ನು ಒಪ್ಪಿಕೊಳ್ಳಬಹುದು. ಇನ್ನೊಂದು ಕಡೆ ಕಣ್ಣಿಡಬೇಕು: ಲೋಡ್ ಇಷ್ಟು ಕಡಿಮೆಯಾದಾಗ ಕೆಲವು ಬೂಸ್ಟ್ ಕನ್ವರ್ಟರ್‌ಗಳು ಪಲ್ಸ್ ಬಿಟ್ಟು ಬಿಟ್ಟು ಸ್ವಿಚ್ ಮಾಡತೊಡಗುತ್ತವೆ, ಆ ಬಿಡುವಿನ ಲಯ ಕಿವಿಗೆ ಕೇಳುವ ಪಟ್ಟಿಗೆ ಇಳಿಯಬಹುದು. ಐಸಿಯಲ್ಲಿ ಆಯ್ಕೆ ಇದ್ದರೆ ಪಲ್ಸ್ ಸ್ಕಿಪ್ಪಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಔಟ್‌ಪುಟ್‌ಗೆ 33 ಮೈಕ್ರೋಫ್ಯಾರಡ್, 50 ವೋಲ್ಟ್ ಎಲೆಕ್ಟ್ರೋಲಿಟಿಕ್ ಒಂದನ್ನು ಸೇರಿಸಿದರೆ ಸಿರಾಮಿಕ್ ಮೇಲಿನ ಏರಿಳಿತ ತಗ್ಗುತ್ತದೆ. ಈ ಬೋರ್ಡಿನಲ್ಲಿ ಎರಡನ್ನೂ ಮಾಡಿ, ಸಿರಾಮಿಕ್ ಎರಡನ್ನು ಬೋರ್ಡಿನ ಮೇಲೊಂದು ಕೆಳಗೊಂದು ನೇರ ಎದುರುಬದುರಾಗಿ ಕೂರಿಸಿದರು. ಒಂದು ಬಾಗಿಸಿದ್ದನ್ನು ಇನ್ನೊಂದು ಎದುರು ದಿಕ್ಕಿಗೆ ಎಳೆಯುತ್ತದೆ.

ಅಳತೆ, ಮತ್ತು ಒಂದು ಸಾಲು ಕೈಕೊಟ್ಟಾಗ

ಮೇಜಿನ ಅಳತೆಗೆ ಲ್ಯಾಬ್ ಸಪ್ಲೈ ಬಿಟ್ಟು 12 ವೋಲ್ಟ್ ಬ್ಯಾಟರಿ, 16 ಮೀಟರ್ 1.5 ಚದರ ಮಿಲಿಮೀಟರ್ ತಂತಿ ಇಡಬೇಕು. ತಂತಿಯನ್ನು ಉಂಡೆಯಾಗಿ ಸುತ್ತಿಟ್ಟರೆ ಇಂಡಕ್ಟೆನ್ಸ್ ಹೆಚ್ಚಿ ಸುಳ್ಳು ಫಲಿತಾಂಶ ಬರುತ್ತದೆ, ಹೋಗುವ ಬರುವ ಎರಡೂ ತಂತಿ ಜೋಡಿಯಾಗಿ ಉದ್ದಕ್ಕೆ ಹಾಸಿರಬೇಕು. ಆಸಿಲೋಸ್ಕೋಪ್ ಪ್ರೋಬ್‌ನ ಉದ್ದ ಗ್ರೌಂಡ್ ಕ್ಲಿಪ್ ತೆಗೆದು ಸ್ಪ್ರಿಂಗ್ ತುದಿ ಹಾಕಿ, ಎಸಿ ಕಪ್ಲಿಂಗ್, 20 ಮೆಗಾಹರ್ಟ್ಜ್ ಮಿತಿ ಆನ್. ಮೊದಲು ಕಾಲಮಾನ 2 ಮಿಲಿಸೆಕೆಂಡ್‌ಗೆ ಇಟ್ಟು ಕೆಳಗಿನ ಫ್ರೀಕ್ವೆನ್ಸಿಯ ಅಲೆ ಉಳಿದಿದೆಯೇ ನೋಡಿ, ನಂತರ 20 ಮೈಕ್ರೋಸೆಕೆಂಡ್‌ಗೆ ಇಳಿಸಿ. ಎಫ್‌ಎಫ್‌ಟಿ (ಅಲೆಯನ್ನು ಫ್ರೀಕ್ವೆನ್ಸಿವಾರು ಬಿಡಿಸಿ ತೋರಿಸುವ ಸೌಲಭ್ಯ) ಇದ್ದರೆ 3.5, 21, 50, 200 ಕಿಲೋಹರ್ಟ್ಜ್ ನಾಲ್ಕು ಕಡೆ ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು.

3.5 ಕಿಲೋಹರ್ಟ್ಜ್‌ನಲ್ಲಿ ಏನೂ ಕಾಣಬಾರದು, ಏಕೆಂದರೆ ಆರು ಸಾಲು ಒಂದನ್ನೊಂದು ರದ್ದು ಮಾಡುತ್ತವೆ. ಈ ರದ್ದತಿ ತಂತಿಗಳಲ್ಲೂ ಆಗಬೇಕಾದರೆ ಆರೂ ಸಾಲಿನ ತಂತಿ ಮತ್ತು ಅವುಗಳ ಪ್ಲಸ್ ತಂತಿ ಒಂದೇ ಕಟ್ಟಿನಲ್ಲಿ ಸಾಗಬೇಕು. ಮೂರು ಎಡದಿಂದ, ಮೂರು ಬಲದಿಂದ ಎಳೆದರೆ ಪೆಟ್ಟಿಗೆಯೊಳಗೇ 3.5 ಕಿಲೋಹರ್ಟ್ಜ್‌ನ ಒಂದು ದೊಡ್ಡ ಕುಣಿಕೆ ಆಗುತ್ತದೆ. ಅದರ 57ನೇ ಹಾರ್ಮೋನಿಕ್ 199.4 ಕಿಲೋಹರ್ಟ್ಜ್.

ಇಡೀ ವ್ಯವಸ್ಥೆಯ ದುರ್ಬಲ ಜಾಗವೂ ಇದೇ. ಒಂದು ಎಲ್‌ಇಡಿ ಓಪನ್ ಆಗಿ ಒಂದು ಸಾಲು ಆರಿದರೆ, ಉಳಿದ ಐದು ಸಾಲು 60 ಡಿಗ್ರಿ ಅಂತರದಲ್ಲೇ ನಡೆದರೆ, ಸಮತೋಲ ತಪ್ಪುತ್ತದೆ. ಆ ಒಂದು ಸಾಲಿನ ಖಾಲಿ ಜಾಗ 3.5 ಕಿಲೋಹರ್ಟ್ಜ್ ಆಗಿ ಲೈನಿಗೆ ಬರುತ್ತದೆ, ಕಿವಿಗೆ ಅತಿ ಸುಲಭವಾಗಿ ಕೇಳುವ ಜಾಗಕ್ಕೇ. ನಾಲ್ಕು ಸಾಲಿನ ಪ್ಯಾನೆಲ್‌ಗೆ ಆರು ಚಾನೆಲ್ ಡ್ರೈವರ್ ಹಾಕಿ ಎರಡನ್ನು ಸುಮ್ಮನೆ ಖಾಲಿ ಬಿಟ್ಟವರಿಗೂ ಇದೇ ಗತಿ. ಡ್ರೈವರ್ ಸಾಲು ಓಪನ್ ಆದದ್ದನ್ನು ಗುರುತಿಸಿದ ಕೂಡಲೇ ಫರ್ಮ್‌ವೇರ್ ಐದು ಸಾಲನ್ನು 72 ಡಿಗ್ರಿಗೆ ಮರುಹಂಚಬೇಕು. ಅಷ್ಟಕ್ಕೇ ಬಿಟ್ಟರೆ ಒಟ್ಟು ಫ್ರೀಕ್ವೆನ್ಸಿ 17.5 ಕಿಲೋಹರ್ಟ್ಜ್‌ಗೆ ಇಳಿಯುತ್ತದೆ, ಎಳೆಯ ಕಿವಿಗೆ ಅದು ಕೇಳಿಸೀತು. ಗುಣಕವನ್ನೂ 70ಕ್ಕೆ ಏರಿಸಿದರೆ ಸಾಲಿಗೆ 4222 ಹರ್ಟ್ಜ್, ಒಟ್ಟು 21.1 ಕಿಲೋಹರ್ಟ್ಜ್, ಹಾರ್ಮೋನಿಕ್‌ಗಳು 42.2, 63.3, 190, 211ರಲ್ಲಿ, ಮೊದಲಿನಷ್ಟೇ ದೂರದಲ್ಲಿ ನಿಲ್ಲುತ್ತವೆ. ಪ್ರತಿ ಪೆಟ್ಟಿಗೆಯನ್ನು ಧಕ್ಕೆಗೆ ಕಳುಹಿಸುವ ಮುನ್ನ ಹೊಳಪನ್ನು ಶೇ 5ಕ್ಕೆ ಇಟ್ಟು, ಒಂದು ಸಾಲಿನ ಕನೆಕ್ಟರ್ ಕಿತ್ತು, ಇದು ತಾನಾಗಿ ಆಗುತ್ತದೆಯೇ ಎಂದು ಸ್ಕೋಪ್‌ನಲ್ಲಿ ನೋಡಿಯೇ ಮುಚ್ಚಳ ಹಾಕಬೇಕು.